ಪುಟ ಕಟ್ಟುವ ವಿದ್ಯೆ

ಪತ್ರಿಕೆಯನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಪುಟವನ್ನು, ಓದುವುದು ಆಮೇಲೆ. ಪುಟ ಹಿತವಾಗಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಇಲ್ಲವಾದರೆ ಎಷ್ಟೇ ಒಳ್ಳೆಯ ಬರಹವಿದ್ದರೂ ಕೈ ಹಾಳೆಯನ್ನು ಮಗುಚಿಬಿಡುತ್ತದೆ. ಪುಟ ಕಟ್ಟುವ ಈ ವಿದ್ಯೆ ಹಿಂದೆ ಅಚ್ಚುಕೂಟದವರ ಸೊತ್ತಾಗಿತ್ತು. ಈಗ ಅದು ಮನೆಯ ಕಂಪ್ಯೂಟರಿಗೂ ಬಂದಿದೆ. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗಾಗಿ, ಐವತ್ತು ದಾಟಿದ ಮೇಲೆ, ನಾನೂ ಅದನ್ನು ಕಲಿಯಬೇಕಾಯಿತು. ಕಲಿತದ್ದನ್ನೂ ಎಡವಿದ್ದನ್ನೂ ವಾಚಕರ ಮುಂದಿಡುತ್ತೇನೆ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸಾಲುಗಳ ನಡುವೆ ಲೋಹದ ತೆಳುವಾದ ಪಟ್ಟಿಗಳನ್ನಿಟ್ಟು ಅಂತರ ಕಲ್ಪಿಸುತ್ತಿದ್ದರು. 1985ರಲ್ಲಿ ಅಮೆರಿಕದ ಆಲ್ಡಸ್ ಸಂಸ್ಥೆ ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಇಂಥ ಕೆಲಸಗಳು ಒಂದೊಂದಾಗಿ ಪರದೆಯ ಮೇಲೆ ನಡೆಯತೊಡಗಿದವು. ಇಂದು ಅನೇಕರು ಬಳಸುವುದು 1999ರಲ್ಲಿ ಬಂದ ಅಡೋಬಿ ಸಂಸ್ಥೆಯ ಇನ್‌ಡಿಸೈನ್. ಹಣ ತೆರಲಾರದವರಿಗೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶವೂ ಉಂಟು.

ಯಾವ ಗುಂಡಿ ಯಾವ ಕೆಲಸಕ್ಕೆ ಎಂಬುದು ಹತ್ತು ದಿನಗಳಲ್ಲಿ ತಿಳಿಯಿತು. ಆದರೂ ನಾನು ಕಟ್ಟಿದ ಪುಟ ಸಂತೆಯ ಹಾಗೆ ಕಾಣುತ್ತಿತ್ತು. ಕಾರಣವೇನು? ಮಾತ್ರೆಗಣ ತಿಳಿಯದವನು ಪದ್ಯ ಕಟ್ಟಹೊರಟಂತೆ, ನಾನು ಅಳತೆಯನ್ನು ಗೊತ್ತುಮಾಡಿಕೊಳ್ಳದೆ ಅಕ್ಷರಗಳನ್ನು ಸುರಿಯುತ್ತಿದ್ದೆ.

ಆದ್ದರಿಂದ ಮೊದಲು ಅಳತೆ. ಎ4 ಹಾಳೆಯ ಅಗಲ 210 ಮಿಲಿಮೀಟರು, ಉದ್ದ 297. ನಾಲ್ಕೂ ಕಡೆ ಅಂಚು ಬಿಟ್ಟು, ಉಳಿದ ಜಾಗವನ್ನು ಎರಡು ಅಥವಾ ಮೂರು ಅಂಕಣಗಳಾಗಿ ಹಂಚಬೇಕು. ಚಿತ್ರವಾಗಲಿ ಶಿರೋನಾಮೆಯಾಗಲಿ ಆ ಅಂಕಣದ ಗೆರೆಗೇ ಒರಗಿ ನಿಲ್ಲಬೇಕು. ಪುಟಸಂಖ್ಯೆಯಂತೆ ಎಲ್ಲ ಪುಟಗಳಲ್ಲೂ ಬರತಕ್ಕದ್ದನ್ನು ಮಾಸ್ಟರ್ ಪೇಜ್ ಎಂಬ ಮೂಲಪುಟದಲ್ಲಿ ಒಮ್ಮೆ ಇಟ್ಟರೆ ಸಾಕು. ಶಿರೋನಾಮೆ, ಲೇಖಕರ ಹೆಸರು, ಬರಹ, ಇವುಗಳ ಅಕ್ಷರವನ್ನೂ ಗಾತ್ರವನ್ನೂ ‘ಸ್ಟೈಲ್’ ಎಂಬ ಹೆಸರಿನಲ್ಲಿ ಗೊತ್ತುಮಾಡಿದರೆ, ಒಂದು ಕಡೆ ತಿದ್ದಿದ್ದು ಎಲ್ಲ ಕಡೆಯೂ ತಿದ್ದುತ್ತದೆ.

ಎರಡನೆಯದು ಸಾಲಿನ ಅಂತರ. ಇಲ್ಲಿ ಕನ್ನಡದ ದಾರಿಯೇ ಬೇರೆ. ಒಂದು ಅಂಗುಲಕ್ಕೆ 72 ಪಾಯಿಂಟು. 12 ಪಾಯಿಂಟಿನ ಅಕ್ಷರಕ್ಕೆ ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಳತೆ 14.4 ಪಾಯಿಂಟು. ಇಂಗ್ಲಿಷಿಗೆ ಅದು ಸಾಕಾದೀತು. ನಮ್ಮ ‘ರಾಷ್ಟ್ರ’, ‘ಲಕ್ಷ್ಮಿ’ಗಳಲ್ಲಿ ಒತ್ತಿನ ಮೇಲೆ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನಿಂದ ಗುಡಿಸು ಮೇಲೇಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. 17 ಅಥವಾ 18 ಪಾಯಿಂಟು ಕೊಟ್ಟು ನೋಡಿ, ಪುಟ ಉಸಿರಾಡುತ್ತದೆ. ಇನ್‌ಡಿಸೈನಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬುದನ್ನು ಆರಿಸುವುದನ್ನೂ ಮರೆಯಬಾರದು. ಇಲ್ಲದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಒಡೆದು ನಿಲ್ಲುತ್ತವೆ.

ಇನ್ನು ನಾನು ಎಡವಿದ ಕಥೆ. ಮೊದಲ ವರ್ಷದ ಸಂಚಿಕೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪದ್ಯವಿತ್ತು. ಅಂದವಾಗಲೆಂದು ಅವಳ ಹೆಸರಿಗೆ ಮಾತ್ರ ಹಳೆಯದೊಂದು ಅಲಂಕಾರದ ಫಾಂಟನ್ನು ಹಾಕಿದ್ದೆ. ಅಂಥ ಹಳೆಯ ಫಾಂಟುಗಳಲ್ಲಿ ಹೊರಗೆ ಕಾಣುವುದು ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಆ ಫಾಂಟು ಅಚ್ಚುಕೂಟದ ಯಂತ್ರದಲ್ಲಿರಲಿಲ್ಲ. ನಾನು ಕೊನೆಯ ಪ್ರೂಫನ್ನು ನೋಡಿದ್ದು ನನ್ನ ಮನೆಯ ಪರದೆಯ ಮೇಲೆ. ಸಂಚಿಕೆಗಳು ಕಟ್ಟು ಕಟ್ಟಾಗಿ ಬಂದಾಗ ಅವಳ ಹೆಸರಿದ್ದೆಡೆ ಇಂಗ್ಲಿಷ್ ಅಕ್ಷರ, ಆಶ್ಚರ್ಯಚಿಹ್ನೆ, ಆವರಣಗಳ ಗೊಂಚಲು! ಹುಡುಗಿ ಪುಟವನ್ನು ತಂದು, “ಸಾರ್, ಇದು ನನ್ನ ಹೆಸರಾ? ಅಪ್ಪನಿಗೆ ಹೇಗೆ ತೋರಿಸಲಿ?” ಎಂದಳು. ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಆ ಸಂಜೆ ಕುಳಿತು ಪ್ರತಿಯೊಂದು ಸಂಚಿಕೆಯಲ್ಲೂ ಚೀಟಿ ಅಂಟಿಸಿ, ಅವಳ ಹೆಸರನ್ನು ಕೈಯಿಂದ ಬರೆದೆ.

ಅಂದಿನಿಂದ ಮೂರು ನಿಯಮಗಳನ್ನು ತಪ್ಪದೆ ಪಾಲಿಸುತ್ತಿದ್ದೇನೆ. ಬರಹವೆಲ್ಲ ಯೂನಿಕೋಡಿನಲ್ಲಿರಬೇಕು. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡದ ಅಕ್ಷರಗಳಿಗೆ ಅಲ್ಲಿ ಅವುಗಳದೇ ಸಂಖ್ಯೆಗಳಿವೆ. ಅಚ್ಚಿಗೆ ಕೊಡುವುದು ಫಾಂಟುಗಳನ್ನು ಒಳಗೇ ಅಡಕಮಾಡಿದ ಪಿಡಿಎಫ್ ಆಗಿರಬೇಕು. ಕೊನೆಯ ಪ್ರೂಫನ್ನು ಅಚ್ಚುಕೂಟದಲ್ಲಿಯೇ, ಕಾಗದದ ಮೇಲೆ, ಬೆರಳಿಟ್ಟು ಓದಬೇಕು. ಜೊತೆಗೆ ಇನ್ನೊಂದು ಮಾತು: ನಡುವೆ ಪಿನ್ನು ಹೊಡೆಯುವ ಸಂಚಿಕೆಯಲ್ಲಿ ಮಡಿಸಿದ ಒಂದು ಹಾಳೆಗೆ ನಾಲ್ಕು ಪುಟ, ಆದ್ದರಿಂದ ಒಟ್ಟು ಪುಟಗಳು ನಾಲ್ಕರಿಂದ ಭಾಗವಾಗುವಂತೆ ಮೊದಲೇ ಲೆಕ್ಕಹಾಕಿಕೊಳ್ಳಿ.

ಕಲಿಯಬಯಸುವವರು ತಮಗೆ ಹಿಡಿಸಿದ ಪತ್ರಿಕೆಯ ಒಂದು ಪುಟವನ್ನು ಎದುರಿಗಿಟ್ಟುಕೊಂಡು, ಅಂಚನ್ನೂ ಅಂಕಣವನ್ನೂ ಅಳತೆಪಟ್ಟಿಯಿಂದ ಅಳೆದು, ಅದರಂತೆಯೇ ಒಂದು ಪುಟವನ್ನು ಕಟ್ಟಿ ನೋಡಲಿ. ಇದಕ್ಕಿಂತ ಒಳ್ಳೆಯ ಗುರು ನನಗೆ ಸಿಕ್ಕಲಿಲ್ಲ.

ಮರುವರ್ಷ ಆ ಹುಡುಗಿಯ ಇನ್ನೊಂದು ಪದ್ಯ ಬಂತು. ಪ್ರೂಫು ನೋಡುವಾಗ ಪದ್ಯವನ್ನು ಒಮ್ಮೆ ಓದಿದೆ. ಹೆಸರನ್ನು ಮೂರು ಸಲ ಓದಿದೆ.