ಗಾಜಿನ ಕೋರ್ಟಿನಲ್ಲಿ ಜೋಷ್ನಾ

2025ರ ಡಿಸೆಂಬರ್ 14, ಭಾನುವಾರ. ಚೆನ್ನೈನ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನಲ್ಲಿ ಗಾಜಿನ ಕೋರ್ಟೊಂದು ದೀಪಗಳಡಿ ಹೊಳೆಯುತ್ತಿದೆ. ಉದ್ದ 9.75 ಮೀಟರ್, ಅಗಲ 6.4 ಮೀಟರ್. ಸ್ಕ್ವಾಷ್‌ನಲ್ಲಿ ನಡುವೆ ಬಲೆಯಿಲ್ಲ. ಇಬ್ಬರಿಗೂ ಒಂದೇ ನೆಲ, ಒಂದೇ ಗೋಡೆ. ಒಬ್ಬರ ಏದುಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ. ತಂಡಗಳ ವಿಶ್ವಕಪ್ ಫೈನಲ್‌ನ ಮೊದಲ ಪಂದ್ಯಕ್ಕೆ ಒಳಗೆ ಬಂದವರು ಭಾರತದ 39 ವರ್ಷದ ಜೋಷ್ನಾ ಚಿಣ್ಣಪ್ಪ. ಎದುರಾಳಿ ಹಾಂಗ್‌ಕಾಂಗ್‌ನ ಲೀ ಕಾ ಯಿ.

ಮೊದಲು ಚೆಂಡಿಗೆ ಕಾವು ಬರಬೇಕು. ತಣ್ಣಗಿರುವ ಸ್ಕ್ವಾಷ್ ಚೆಂಡು ನೆಲಕ್ಕೆ ಬಿದ್ದರೆ ಅಷ್ಟಾಗಿ ಮೇಲೇಳುವುದಿಲ್ಲ; ಗೋಡೆಗೆ ಹೊಡೆದು ಹೊಡೆದು ಬಿಸಿಯಾದ ಮೇಲಷ್ಟೇ ಚೆನ್ನಾಗಿ ಪುಟಿಯುತ್ತದೆ. ಆಮೇಲೆ ಆಟ. ಪಕ್ಕದ ಗೋಡೆಯನ್ನು ಸವರಿಕೊಂಡು ಹಿಂದಿನ ಮೂಲೆ ಸೇರುವ ನೀಳ ಹೊಡೆತ. ಎದುರಾಳಿ ಅತ್ತ ಓಡುತ್ತಿದ್ದಂತೆ ನಡುವಿನ 'ಟಿ' ಗೆರೆಯನ್ನು ವಶಪಡಿಸಿಕೊಳ್ಳುವುದು. ಸಡಿಲ ಚೆಂಡು ಮರಳಿದರೆ, ಮುಂಗೋಡೆಯ ಬುಡದ ತಗಡಿಗೆ ತಾಗದಂತೆ ಅದರ ಸ್ವಲ್ಪವೇ ಮೇಲೆ ಮೆಲುವಾದ ಡ್ರಾಪ್. ಅಂಥ ಚೆಂಡನ್ನು ಎತ್ತಬೇಕಾದಾಗ ಇಡೀ ಮೈಭಾರ ಮುಂದೆ ಚಾಚಿದ ಒಂದೇ ಮೊಣಕಾಲಿನ ಮೇಲೆ. ಒಂದು ಪಂದ್ಯದಲ್ಲಿ ಇದು ಎಷ್ಟೋ ಸಲ. ಮೊಣಕಾಲಿನ ಗಾಯ ಜೋಷ್ನಾರನ್ನು ಒಂದಕ್ಕಿಂತ ಹೆಚ್ಚು ಬಾರಿ ತಿಂಗಳುಗಟ್ಟಲೆ ಕೋರ್ಟಿನಿಂದ ಹೊರಗಿಟ್ಟಿತ್ತು. ಆ ಕಾಲಿನ ಮೇಲೆಯೇ ಅವರು ಇಂದೂ ಬಾಗುತ್ತಿದ್ದಾರೆ, ಏಳುತ್ತಿದ್ದಾರೆ.

ಹಾಕಿಯನ್ನೇ ಉಸಿರಾಡುವ ಕೊಡಗು ಅವರ ಮನೆತನದ ಮೂಲ. ಹುಟ್ಟಿದ್ದು, ಬೆಳೆದದ್ದು ಚೆನ್ನೈನಲ್ಲಿ. ತಂದೆ ಅಂಜನ್ ಚಿಣ್ಣಪ್ಪ ಅವರೊಂದಿಗೆ ಮದ್ರಾಸ್ ಕ್ರಿಕೆಟ್ ಕ್ಲಬ್ಬಿನ ಕೋರ್ಟಿಗೆ ಕಾಲಿಟ್ಟ ಹುಡುಗಿ 14ರ ಹರೆಯದಲ್ಲೇ ರಾಷ್ಟ್ರೀಯ ಚಾಂಪಿಯನ್ ಆದಳು. 2005ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್‌ನ 19ರೊಳಗಿನವರ ಪ್ರಶಸ್ತಿ. 2014ರಲ್ಲಿ ಗ್ಲಾಸ್ಗೊದಲ್ಲಿ ದೀಪಿಕಾ ಪಳ್ಳಿಕಲ್ ಜತೆ ಕಾಮನ್‌ವೆಲ್ತ್ ಡಬಲ್ಸ್ ಚಿನ್ನ. ಮೂರು ವರ್ಷಗಳ ಬಳಿಕ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಎದುರು ನಿಂತದ್ದು ಅದೇ ದೀಪಿಕಾ. ಗೆಳತಿಯನ್ನು ಸೋಲಿಸಿ ಆ ಕಿರೀಟ ತೊಟ್ಟ ಮೊದಲ ಭಾರತೀಯಳಾದರು. 2018ರಲ್ಲಿ ಈಜಿಪ್ಟಿನ ಎಲ್ ಗೌನಾದಲ್ಲಿ ಎಂಟು ಬಾರಿಯ ವಿಶ್ವ ಚಾಂಪಿಯನ್ ನಿಕೋಲ್ ಡೇವಿಡ್ ಅವರಿಗೆ ಸೋಲುಣಿಸಿದರು. ಭುವನೇಶ್ವರಿ ಕುಮಾರಿ ಅವರ 16 ರಾಷ್ಟ್ರೀಯ ಪ್ರಶಸ್ತಿಗಳ ದಾಖಲೆಯನ್ನೂ ದಾಟಿದರು.

ಗಾಜಿನೊಳಗೆ ಬಿಳಿ ಚೆಂಡು ಸದ್ದು ಮಾಡುತ್ತಲೇ ಇದೆ. ನಾಲ್ಕನೇ ಗೇಮ್‌ನಲ್ಲಿ ಜೋಷ್ನಾ ಪಂದ್ಯ ಮುಗಿಸುತ್ತಾರೆ. ಬಳಿಕ ತಂಡದ ಅಭಯ್ ಸಿಂಗ್, ಆನಂತರ 17ರ ಅನಾಹತ್ ಸಿಂಗ್ ಗೆಲ್ಲುತ್ತಾರೆ. 3–0. ಭಾರತಕ್ಕೆ ಮೊದಲ ವಿಶ್ವಕಪ್. ಜೋಷ್ನಾ ಮೊದಲ ರಾಷ್ಟ್ರೀಯ ಪ್ರಶಸ್ತಿ ಎತ್ತಿದಾಗ ಅನಾಹತ್ ಹುಟ್ಟಿರಲೇ ಇಲ್ಲ. ಈಗ ಇಬ್ಬರ ಅಂಗಿಯೂ ಒಂದೇ.

2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಕ್ವಾಷ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಲಿದೆ. ಅನಾಹತ್ ವಯಸ್ಸಿನವರಿಗೆ ಅದು ಕಣ್ಣೆದುರಿನ ಗುರಿ. ಜೋಷ್ನಾರ ಹರೆಯಕ್ಕೆ ಅಂಥದೊಂದು ಗುರಿಯೇ ಇರಲಿಲ್ಲ. ದೇಶ ರಾತ್ರಿ ಎದ್ದು ಕೂತು ನೋಡುವ ಪದಕವಿಲ್ಲದ ಆಟವನ್ನು ಅವರು ಕಾಲು ಶತಮಾನ ಒಂದಿಷ್ಟೂ ಉಪೇಕ್ಷೆ ಮಾಡದೆ ಆಡಿದರು. ಭಾರತದ ಹುಡುಗಿಯೊಬ್ಬಳು ಇಂದು ಸ್ಕ್ವಾಷನ್ನೇ ಬದುಕಾಗಿಸಿಕೊಳ್ಳುತ್ತೇನೆ ಎಂದರೆ ಮನೆಯವರು ನಂಬುವುದು ಇಂಥ ನಿಷ್ಠೆ ಕಣ್ಣೆದುರು ಇರುವುದರಿಂದಲೇ.