ಮಸುಕಾದ ಅಳತೆಗಳಿಂದ ಪ್ರೋಟೀನಿನ ಪ್ರತಿಕೃತಿಯ ಪರಿಷ್ಕರಣ

ಹೊನ್ನವಳ್ಳಿಯ ತೆಂಗಿನ ತೋಟವನ್ನು ಮಂಜಿನಲ್ಲಿ ದೂರದಿಂದ ನೋಡುವವನಿಗೆ ಮರಗಳು ಬೇರೆಬೇರೆಯಾಗಿ ತೋರವು. ಸಾಲುಗಳ ಅಂತರವನ್ನು ಬಲ್ಲವನು ಅವುಗಳ ನೆಲೆಯನ್ನು ಬಹುಮಟ್ಟಿಗೆ ಗುರುತಿಸಬಲ್ಲನು. ಆದರೆ ಮರ ಬಿದ್ದು ಬರಿದಾದ ಗುಣಿಯಲ್ಲಿಯೂ ಮರವನ್ನು ಕಾಣುವ ಅಪಾಯ ಅವನಿಗುಂಟು. ಸ್ಫಟಿಕಗಳ ಮೂಲಕ ಪ್ರೋಟೀನುಗಳ ರಚನೆಯನ್ನು ಅರಸುವವರ ಸ್ಥಿತಿಯೂ ಇಂಥದೇ.

ಸ್ಫಟಿಕದ ಮೇಲೆ ಬಿದ್ದ ಕ್ಷ-ಕಿರಣಗಳು ಚದರಿ ಅಸಂಖ್ಯ ಚುಕ್ಕೆಗಳಾಗುವುವು. ಅವುಗಳ ತೀವ್ರತೆಯಿಂದಲೂ, ಬೇರೆ ಉಪಾಯಗಳಿಂದ ತಿಳಿದ ತರಂಗಗಳ ಹಂತದಿಂದಲೂ ಎಲೆಕ್ಟ್ರಾನುಗಳ ಸಾಂದ್ರತೆಯ ನಕ್ಷೆ ದೊರೆಯುವುದು. ಅದರಲ್ಲಿ ಪ್ರತಿಕೃತಿಯನ್ನು ಕಟ್ಟಿ, ಅದರಿಂದ ಗಣಿಸಿದ ತೀವ್ರತೆಗಳನ್ನು ಅಳೆದವುಗಳೊಡನೆ ಹೋಲಿಸಿ, ಮತ್ತೆ ಮತ್ತೆ ತಿದ್ದುವುದೇ ಪರಿಷ್ಕರಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಕಡಲೆಕಾಯಿಯ ಲೆಕ್ಟಿನ್ನಿನ ರಚನೆ ಇದಕ್ಕೆ ಒಳ್ಳೆಯ ನಿದರ್ಶನ. ಸಕ್ಕರೆಯ ಅಣುಗಳನ್ನು ಹಿಡಿಯುವ ಈ ಪ್ರೋಟೀನಿನಲ್ಲಿ ಸಮರೂಪವಾದ ನಾಲ್ಕು ಉಪಘಟಕಗಳಿವೆ. ಆಗ ದೊರೆತ ವಿವರದ ಮಿತಿ 2.95 ಆಂಗ್‌ಸ್ಟ್ರಮ್; ಎರಡು ಇಂಗಾಲ ಪರಮಾಣುಗಳ ನಡುವಣ ಬಂಧವಾದರೋ ಸುಮಾರು 1.5 ಆಂಗ್‌ಸ್ಟ್ರಮ್ ಮಾತ್ರ. ಆದುದರಿಂದ ಪರಮಾಣುಗಳು ಬಿಡಿಬಿಡಿಯಾಗಿ ಕಾಣವು. ಬಳಸಿದ ಅಳತೆಗಳು 22,155. ಗೊತ್ತುಮಾಡಬೇಕಾದ ಪರಮಾಣುಗಳೋ ಸುಮಾರು 7,000, ಒಂದೊಂದಕ್ಕೂ ಮೂರು ನಿರ್ದೇಶಾಂಕಗಳು. ಸಾಕ್ಷಿಗಳೂ ಅಜ್ಞಾತಗಳೂ ಹೆಚ್ಚುಕಡಿಮೆ ಸಮವಾದಲ್ಲಿ ತಪ್ಪಾದ ಪ್ರತಿಕೃತಿಯೂ ಸರಿಯಾದುದರಂತೆ ಹೊಂದಿಕೊಳ್ಳಬಲ್ಲುದು.

ಈ ಕೊರತೆಯನ್ನು ಪೂರ್ವಜ್ಞಾನವು ತುಂಬುವುದು. ಬಂಧಗಳ ಉದ್ದ, ಕೋನಗಳು, ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ತೋರಿಸಿಕೊಟ್ಟ ಸರಪಣಿಯ ತಿರುವುಗಳ ಮೇರೆ, ಉಪಘಟಕಗಳ ಪರಸ್ಪರ ಸಾಮ್ಯ—ಇವು ಅಂಥ ಕಟ್ಟುಗಳು. ಕಟ್ಟುಗಳು ಸಾಕ್ಷಿಯನ್ನೇ ನುಂಗದಂತೆ ಪರೀಕ್ಷೆಯೂ ಬೇಕು. ಅಳತೆಗಳಲ್ಲಿ ಅಲ್ಪಭಾಗವನ್ನು ಪರಿಷ್ಕರಣಕ್ಕೆ ಬಳಸದೆ ಬೇರೆಯಾಗಿಡುವ ಪದ್ಧತಿಯನ್ನು 1992ರಲ್ಲಿ ಆಕ್ಸೆಲ್ ಬ್ರುಂಗರ್ ಸೂಚಿಸಿದರು. ಬಳಸಿದವುಗಳೊಡನೆ ಹೊಂದಿಕೆ ಹೆಚ್ಚುತ್ತಿದ್ದರೂ ಬೇರೆಯಿಟ್ಟವುಗಳೊಡನೆ ಹೆಚ್ಚದಿದ್ದರೆ, ಪ್ರತಿಕೃತಿಯಲ್ಲಿ ಕಲ್ಪನೆ ಬೆರೆಯಿತೆಂದೇ ತಿಳಿಯಬೇಕು.

ಕಡಲೆಕಾಯಿಯ ಲೆಕ್ಟಿನ್ನಿನಲ್ಲಿ ಒಂದೊಂದು ಉಪಘಟಕದ ಮಡಿಕೆಯೂ ಇತರ ದ್ವಿದಳ ಧಾನ್ಯಗಳ ಲೆಕ್ಟಿನ್ನುಗಳಂತೆಯೇ ಇತ್ತು. ಆದರೆ ನಾಲ್ಕರ ಜೋಡಣೆ ಹಾಗಿರಲಿಲ್ಲ. ಇಂಥ ಚತುಷ್ಕಗಳಲ್ಲಿ ವಾಡಿಕೆಯಾದ ಪೂರ್ಣ ಸಮ್ಮಿತಿ ಅಲ್ಲಿ ಕಾಣಲಿಲ್ಲ. ವಾಡಿಕೆಯನ್ನೇ ಪ್ರಮಾಣವೆಂದು ಹೇರಿದ್ದರೆ ಈ ವೈಶಿಷ್ಟ್ಯ ಮರೆಯಾಗುತ್ತಿತ್ತು. 1996ರಲ್ಲಿ ಲ್ಯಾಕ್ಟೋಸಿನೊಡನೆ ಕೂಡಿದ ಇದೇ ಪ್ರೋಟೀನು 2.25 ಆಂಗ್‌ಸ್ಟ್ರಮ್‌ವರೆಗೆ ಪರಿಷ್ಕೃತವಾದಾಗಲೂ ಆ ವಿಲಕ್ಷಣ ಜೋಡಣೆ ನಿಂತಿತು. ಪೂರ್ವಜ್ಞಾನವು ಮಂಜಿನಲ್ಲಿ ದಾರಿ ತೋರಬಹುದು; ಬರಿದಾದ ಗುಣಿಯಲ್ಲಿ ಮರವನ್ನು ನೆಡುವ ಅಧಿಕಾರ ಅದಕ್ಕಿಲ್ಲ.