ಯಜಮಾನ ಇಳಿದ ಮೇಲೆ

ಒಂದು ಡಾಲರಿನ ಎಂಟನೇ ಒಂದು ಭಾಗ. 1964ರಲ್ಲಿ ಇಷ್ಟು ಚಿಲ್ಲರೆ ಕಾಸಿಗಾಗಿ ನಡೆದ ಮನಸ್ತಾಪವೊಂದು ಅಮೆರಿಕದ ವಾಣಿಜ್ಯ ಚರಿತ್ರೆಯ ದಿಕ್ಕನ್ನೇ ಬದಲಿಸಿತು. ಮೆಸಾಚುಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿದ್ದ ಬರ್ಕ್‌ಷೈರ್ ಹ್ಯಾಥವೇ ಎಂಬ ಬಟ್ಟೆ ಗಿರಣಿಯ ಮುಖ್ಯಸ್ಥ ಸೀಬರಿ ಸ್ಟಾಂಟನ್, ವಾರೆನ್ ಬಫೆಟ್ ಎಂಬ ಯುವ ಹೂಡಿಕೆದಾರರ ಬಳಿಯಿದ್ದ ಷೇರುಗಳನ್ನು ತಲಾ 11.50 ಡಾಲರಿಗೆ ಮರಳಿ ಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಆದರೆ ಬಂದ ಪತ್ರದಲ್ಲಿದ್ದ ಬೆಲೆ 11.375 ಡಾಲರು. ಸಿಟ್ಟಿಗೆದ್ದ ಬಫೆಟ್ ಷೇರು ಮಾರಲಿಲ್ಲ. ಬದಲಿಗೆ ಇನ್ನಷ್ಟು ಕೊಂಡರು. 1965ರ ಮೇ ತಿಂಗಳಲ್ಲಿ ಗಿರಣಿ ಅವರ ಹಿಡಿತಕ್ಕೆ ಬಂತು, ಸ್ಟಾಂಟನ್ ಹೊರನಡೆದರು.

ಸಿಟ್ಟಿನಲ್ಲಿ ಮಾಡಿದ ಈ ವ್ಯಾಪಾರವನ್ನು ಬಫೆಟ್ ಮುಂದೆ ತಮ್ಮ ದೊಡ್ಡ ತಪ್ಪುಗಳಲ್ಲಿ ಒಂದೆಂದು ಹಲವು ಬಾರಿ ಹೇಳಿಕೊಂಡರು. ಅಗ್ಗದ ಬಟ್ಟೆಯ ಪೈಪೋಟಿಯಲ್ಲಿ ಸೊರಗಿದ ಮಗ್ಗಗಳು 1985ರಲ್ಲಿ ನಿಂತೇ ಹೋದವು. ಉಳಿದದ್ದು ಹೆಸರು ಮಾತ್ರ. ಆ ಹೆಸರಿನಡಿ ಇಂದು ವಿಮೆ, ರೈಲು, ವಿದ್ಯುತ್, ಸಿಹಿತಿಂಡಿ, ಇಟ್ಟಿಗೆ, ಪೀಠೋಪಕರಣಗಳ ಡಜನ್‌ಗಟ್ಟಲೆ ಕಂಪನಿಗಳಿವೆ.

2025ರ ಮೇ 3ರಂದು ಒಮಾಹಾ ನಗರದಲ್ಲಿ ನಡೆದ ಷೇರುದಾರರ ವಾರ್ಷಿಕ ಸಭೆಯ ಕೊನೆಯಲ್ಲಿ, 94 ವರ್ಷದ ಬಫೆಟ್ ವರ್ಷಾಂತ್ಯಕ್ಕೆ ಮುಖ್ಯ ಕಾರ್ಯನಿರ್ವಾಹಕ ಹುದ್ದೆಯಿಂದ ಇಳಿಯುವುದಾಗಿ ಪ್ರಕಟಿಸಿದರು. ಮುಂದಿನ ಸೋಮವಾರವೇ ಷೇರು ಬೆಲೆ ಸುಮಾರು ಶೇ. 5ರಷ್ಟು ಕುಸಿಯಿತು. 2026ರ ಜನವರಿ 1ರಂದು ಗ್ರೆಗ್ ಏಬಲ್ ಆ ಹುದ್ದೆಗೆ ಬಂದರು.

ಆ ಸೋಮವಾರ ರೈಲುಗಳೇನೂ ನಿಂತಿರಲಿಲ್ಲ, ವಿಮೆಯ ಕಂತು ಕಟ್ಟುವವರೂ ಕಡಿಮೆಯಾಗಿರಲಿಲ್ಲ. ಹಾಗಾದರೆ ಕುಸಿದದ್ದು ಯಾವುದರ ಬೆಲೆ? ಷೇರುದಾರರು ಕೊಂಡದ್ದು ಕಂಪನಿಯನ್ನೋ, ವ್ಯಕ್ತಿಯನ್ನೋ?

ಮುಂಗಡದ ಮಹಿಮೆ

ಬರ್ಕ್‌ಷೈರ್ ಒಂದು ಹಿಡುವಳಿ ಕಂಪನಿ. ತಾನೇ ಏನನ್ನೂ ತಯಾರಿಸುವುದಿಲ್ಲ. ತಯಾರಿಸುವ ಕಂಪನಿಗಳನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ಹೊಂದಿರುತ್ತದೆ. ಇಡೀ ಸಮೂಹದಲ್ಲಿ ಸುಮಾರು 3.9 ಲಕ್ಷ ನೌಕರರಿದ್ದರೆ, ಒಮಾಹಾದ ಕೇಂದ್ರ ಕಚೇರಿಯಲ್ಲಿರುವವರು ಮೂವತ್ತಕ್ಕಿಂತ ಕಡಿಮೆ.

ಇದರ ಹೃದಯ ವಿಮೆ. ಮದುವೆ ಛತ್ರದವರ ಕೈಗೆ ಮುಂಗಡ ಮೊದಲೇ ಬರುತ್ತದೆ, ಖರ್ಚು ಬರುವುದು ಮುಹೂರ್ತದ ಹೊತ್ತಿಗೆ. ವಿಮೆಯೂ ಹಾಗೆಯೇ. ಗ್ರಾಹಕ ಮೊದಲು ಕಂತು ಕಟ್ಟುತ್ತಾನೆ, ಪರಿಹಾರ ಕೊಡಬೇಕಾದದ್ದು ಯಾವಾಗಲೋ. ನಡುವೆ ಕೈಯಲ್ಲಿರುವ ಈ ಹಣವನ್ನು ‘ಫ್ಲೋಟ್’ ಎನ್ನುತ್ತಾರೆ. 1967ರಲ್ಲಿ ನ್ಯಾಷನಲ್ ಇಂಡೆಮ್ನಿಟಿ ಎಂಬ ವಿಮಾ ಕಂಪನಿಯನ್ನು ಕೊಂಡಾಗ ಬಫೆಟ್ ಕಂಡುಕೊಂಡ ಗುಟ್ಟು ಇದು. 2024ರ ಕೊನೆಗೆ ಬರ್ಕ್‌ಷೈರ್ ಬಳಿಯಿದ್ದ ಫ್ಲೋಟ್ ಸುಮಾರು 17,100 ಕೋಟಿ ಡಾಲರು.

ಈ ಹಣವನ್ನೂ ಅಂಗಸಂಸ್ಥೆಗಳ ಲಾಭವನ್ನೂ ಎಲ್ಲಿ ತೊಡಗಿಸಬೇಕೆಂದು ತೀರ್ಮಾನಿಸುವುದೇ ಯಜಮಾನನ ಕೆಲಸ. ಬಫೆಟ್ ಕಾಲದಲ್ಲಿ ಷೇರುದಾರರಿಗೆ ಲಾಭಾಂಶ ಕೊಟ್ಟದ್ದು 1967ರಲ್ಲಿ ಒಂದೇ ಒಂದು ಸಲ, ಷೇರಿಗೆ ಹತ್ತು ಸೆಂಟ್‌ನಂತೆ. ‘ನಿಮ್ಮ ಹಣ ನಿಮಗಿಂತ ನನ್ನ ಕೈಯಲ್ಲಿ ಚೆನ್ನಾಗಿ ಬೆಳೆಯುತ್ತದೆ’ ಎಂಬುದು ಇದರ ಒಳ ಅರ್ಥ. 1965ರಿಂದ 2024ರವರೆಗೆ ಷೇರು ವರ್ಷಕ್ಕೆ ಸರಾಸರಿ ಶೇ. 19.9ರಂತೆ ಬೆಳೆದದ್ದರಿಂದ ಯಾರೂ ತಕರಾರು ಎತ್ತಲಿಲ್ಲ. ಕೈ ಬದಲಾದಾಗ ಮಾತ್ರ ಈ ನಂಬಿಕೆಯನ್ನು ಹೊಸದಾಗಿ ಗಳಿಸಬೇಕಾಗುತ್ತದೆ.

ಹಿಂದಿನ ಎರಡು ಪಾಠಗಳು

ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎರಡು ದಶಕ ಮೆರೆದ ಜ್ಯಾಕ್ ವೆಲ್ಚ್ 2001ರ ಸೆಪ್ಟೆಂಬರಿನಲ್ಲಿ ಜೆಫ್ರಿ ಇಮ್ಮೆಲ್ಟ್ ಅವರಿಗೆ ಅಧಿಕಾರ ಬಿಟ್ಟುಕೊಟ್ಟರು. ಆದರೆ ಕಂಪನಿಯ ಲಾಭದ ದೊಡ್ಡ ಪಾಲು ಬರುತ್ತಿದ್ದದ್ದು ಸಾಲದ ಹಣದ ಮೇಲೆ ನಿಂತ ಹಣಕಾಸು ವಿಭಾಗದಿಂದ. 2008ರ ಬಿಕ್ಕಟ್ಟಿನಲ್ಲಿ ಅದು ತತ್ತರಿಸಿದಾಗ 300 ಕೋಟಿ ಡಾಲರು ಕೊಟ್ಟು ಆಸರೆಯಾದದ್ದು ಇದೇ ಬರ್ಕ್‌ಷೈರ್. 2024ರ ಏಪ್ರಿಲ್ ಹೊತ್ತಿಗೆ ಕಂಪನಿ ಮೂರು ಹೋಳಾಯಿತು. ಹಳೆಯ ಯಜಮಾನನ ಕಾಲದ ಬಿರುಕು ಹೊಸಬನ ಕಾಲದಲ್ಲಿ ಕಾಣಿಸಿಕೊಳ್ಳಬಹುದು ಎಂಬುದು ಇದರ ಪಾಠ.

ಇನ್ನೊಂದು ನಮ್ಮದೇ ದೇಶದ್ದು. 1991ರಲ್ಲಿ ಜೆ.ಆರ್.ಡಿ. ಟಾಟಾ ಅವರಿಂದ ರತನ್ ಟಾಟಾ ಅಧಿಕಾರ ವಹಿಸಿಕೊಂಡಾಗ ಸಮೂಹದ ಕಂಪನಿಗಳಲ್ಲಿ ಟಾಟಾ ಸನ್ಸ್ ಹೊಂದಿದ್ದ ಷೇರು ಅಲ್ಪ. ಸಮೂಹವನ್ನು ಹಿಡಿದಿಟ್ಟಿದ್ದುದು ಜೆ.ಆರ್.ಡಿ. ಅವರ ವರ್ಚಸ್ಸು. ಒಂದೊಂದು ಕಂಪನಿಯ ಮುಖ್ಯಸ್ಥರೂ ಪಾಳೆಯಗಾರರಂತಿದ್ದರು. ರತನ್ ಮೊದಲು ಮಾಡಿದ್ದು ನಿವೃತ್ತಿ ವಯಸ್ಸಿನ ನಿಯಮ ಜಾರಿಗೆ ತಂದದ್ದು. ಬಳಿಕ ಮುಖ್ಯ ಕಂಪನಿಗಳಲ್ಲಿ ಟಾಟಾ ಸನ್ಸ್ ಪಾಲು ಹೆಚ್ಚಿಸಿದ್ದು. ವರ್ಚಸ್ಸು ಪಿತ್ರಾರ್ಜಿತವಾಗಿ ಬರುವುದಿಲ್ಲ, ಮತ ಚಲಾಯಿಸುವ ಹಕ್ಕು ಬರುತ್ತದೆ ಎಂಬುದು ಇಲ್ಲಿನ ಪಾಠ.

ಆಳು, ಮಗ, ತಾನು

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎನ್ನುತ್ತದೆ ನಮ್ಮ ಗಾದೆ. ಬಫೆಟ್ ಈ ಗಾದೆಯನ್ನು ತಿರುವುಮುರುವು ಮಾಡಲು ಹೊರಟಂತಿದೆ. ಆಡಳಿತವನ್ನು ಮಗನಿಗಲ್ಲ, ಕೆನಡಾದಲ್ಲಿ ಹುಟ್ಟಿ ವಿದ್ಯುತ್ ವಿಭಾಗದಲ್ಲಿ ಪಳಗಿದ ಏಬಲ್‌ಗೆ ವಹಿಸಿದ್ದಾರೆ. ವಿಮೆಯ ಹೊಣೆ ಒಡಿಶಾ ಮೂಲದ, ಖರಗಪುರ ಐಐಟಿಯಲ್ಲಿ ಓದಿ 1986ರಲ್ಲಿ ಕಂಪನಿ ಸೇರಿದ ಅಜಿತ್ ಜೈನ್ ಹೆಗಲಿಗೇರಿ ದಶಕಗಳೇ ಕಳೆದಿವೆ. ಮಗ ಹೊವಾರ್ಡ್ ಬಫೆಟ್ ಮುಂದೊಂದು ದಿನ ಆಡಳಿತಾಧಿಕಾರವಿಲ್ಲದ ಅಧ್ಯಕ್ಷರಾಗಿ ಮನೆಯ ನಡೆನುಡಿ ಕಾಯಬೇಕೆಂಬುದು ತಂದೆಯ ಆಶಯ.

ಹೊಸಬರ ಮುಂದಿರುವ ಕಷ್ಟಗಳು ಮೂರು. ಮೊದಲನೆಯದು ಗಾತ್ರ. 1972ರಲ್ಲಿ ಸೀಸ್ ಕ್ಯಾಂಡೀಸ್ ಎಂಬ ಸಿಹಿತಿಂಡಿ ಕಂಪನಿಯನ್ನು ಎರಡೂವರೆ ಕೋಟಿ ಡಾಲರಿಗೆ ಕೊಂಡದ್ದು ಅಂದಿಗೆ ದೊಡ್ಡ ಹೆಜ್ಜೆ. ಇಂದು ಅಂಥ ನೂರು ಖರೀದಿಗಳೂ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ವೇಗ ಇನ್ನು ಸಾಧ್ಯವಿಲ್ಲವೆಂದು ಬಫೆಟ್ ಅವರೇ ಬರೆದಿದ್ದಾರೆ. ಎರಡನೆಯದು ನಗದು. 2025ರ ಸೆಪ್ಟೆಂಬರ್ ಅಂತ್ಯಕ್ಕೆ 38,000 ಕೋಟಿ ಡಾಲರಿಗೂ ಹೆಚ್ಚು ಹಣ ನಗದು ಹಾಗೂ ಅಲ್ಪಾವಧಿ ಸರ್ಕಾರಿ ಪತ್ರಗಳಲ್ಲಿ ಕೂತಿತ್ತು. ಬಫೆಟ್ ಸುಮ್ಮನಿದ್ದರೆ ಅದು ತಾಳ್ಮೆ; ಏಬಲ್ ಸುಮ್ಮನಿದ್ದರೆ ಅದನ್ನು ಅಂಜಿಕೆ ಎಂದಾರು. ಮೂರನೆಯದು ಮತ. ಬಫೆಟ್ ಕೈಯಲ್ಲಿ ಸುಮಾರು ಶೇ. 30ರಷ್ಟು ಮತಾಧಿಕಾರವಿತ್ತು. ಅವರ ಷೇರುಗಳು ದಾನಧರ್ಮಕ್ಕೆ ಹೋಗಿ ಕ್ರಮೇಣ ಹಂಚಿಹೋದಂತೆ, ‘ಕಂಪನಿ ಒಡೆದು ಮಾರಿ, ಲಾಭಾಂಶ ಕೊಡಿ’ ಎಂಬ ದನಿಗಳಿಗೆ ಬಲ ಬರಬಹುದು.

ಭಾರತದ ನಿವಾಸಿಗಳೂ ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದಾದ್ದರಿಂದ ಈ ಪ್ರಶ್ನೆ ದೂರದ್ದೇನಲ್ಲ. ಇಂಥ ಕಂಪನಿಯ ಷೇರು ಕೊಳ್ಳುವವರು ಹೊಸ ಮುಖ್ಯಸ್ಥರ ಭಾಷಣಕ್ಕಿಂತ ಮೂರು ಸಂಗತಿ ನೋಡುವುದು ಲೇಸು: ವಿಮೆಯಲ್ಲಿ ನಷ್ಟವಾಗುವಷ್ಟು ಅಗ್ಗದ ಕಂತಿಗೆ ಕೈ ಹಾಕುತ್ತಿದ್ದಾರೆಯೇ, ಸಾಲ ಏರುತ್ತಿದೆಯೇ, ದುಬಾರಿ ಬೆಲೆಗೆ ಕಂಪನಿ ಕೊಳ್ಳುತ್ತಿದ್ದಾರೆಯೇ. ಮೂರಕ್ಕೂ ಉತ್ತರ ಒಂದೆರಡು ತ್ರೈಮಾಸಿಕಗಳಲ್ಲಿ ಸಿಗುವುದಿಲ್ಲ, ವರ್ಷಗಳೇ ಬೇಕು.

ಎಂಟಾಣೆಯಷ್ಟೂ ಬೆಲೆಯಿಲ್ಲದ ಸಿಟ್ಟಿನಿಂದ ಶುರುವಾದ ಈ ಮನೆ ಆರು ದಶಕ ನಿಂತದ್ದು ತಾಳ್ಮೆಯ ಮೇಲೆ. ಆ ತಾಳ್ಮೆ ಬಫೆಟ್ ಒಬ್ಬರ ಗುಣವಾಗಿತ್ತೇ, ಮನೆಯ ರೂಢಿಯಾಗಿತ್ತೇ ಎಂಬುದು ಇನ್ನು ಮುಂದೆ ತಿಳಿಯಲಿದೆ.